ಥರ್ಮೋಸ್ಟ್ಯಾಟ್ ಕತ್ತರಿಸಿ ತೆಗೆದದ್ದು, ಕೋಡ್ ಹಾಕದ ಇಂಜೆಕ್ಟರ್, ಬ್ಯಾರೆಲ್ ಆಯಿಲ್: ವರ್ಕ್‌ಶಾಪಿಗೆ ದೂರು ಪತ್ರ

ಇಂದ,
ಕಾರಿನ ಮಾಲೀಕರು
(ಹೆಸರು, ವಿಳಾಸ ತಮ್ಮ ಜಾಬ್ ಕಾರ್ಡಿನಲ್ಲಿ ಇದ್ದಂತೆ)
ಬಳ್ಳಾರಿ

ಇವರಿಗೆ,
ವ್ಯವಸ್ಥಾಪಕರು
ಮಲ್ಟಿ ಬ್ರ್ಯಾಂಡ್ ಕಾರ್ ವರ್ಕ್‌ಶಾಪ್
ಬಳ್ಳಾರಿ

ವಿಷಯ: 2011ರ ಬಿಎಂಡಬ್ಲ್ಯು 320ಡಿ ಕಾರಿಗೆ ₹84,910 ಬಿಲ್ ಮಾಡಿ ನೀಡಿದ ದೋಷಪೂರಿತ ಸರ್ವಿಸ್ ಕುರಿತು.

ಮಾನ್ಯರೇ,

ಈ ಕಾರು ದಿನವೂ ಬಳ್ಳಾರಿ–ತೋರಣಗಲ್ಲು ನಡುವೆ ಹೋಗಿ ಬಂದು ಸುಮಾರು 60 ಕಿ.ಮೀ. ಓಡುತ್ತದೆ. ಎಂಜಿನ್ ಎನ್47, 1995 ಸಿಸಿ, ನಾಲ್ಕು ಸಿಲಿಂಡರಿನ ಡೀಸೆಲ್. ತಮ್ಮಲ್ಲಿಗೆ ಬಿಟ್ಟಾಗ ಮೀಟರಿನಲ್ಲಿ 1,42,300 ಕಿ.ಮೀ. ಆಗಿತ್ತು. ಜಾಬ್ ಕಾರ್ಡಿನಲ್ಲಿ ಬರೆಸಿದ ದೂರು ಒಂದೇ: ಸಂಡೂರಿನ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ತುಳಿದರೆ ಪವರ್ ಕಟ್ ಆಗುತ್ತದೆ, ಎಂಜಿನ್ ಲೈಟ್ ಬರುತ್ತದೆ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇರಲಿಲ್ಲ. ಐಡ್ಲಿಂಗ್ ನಯವಾಗಿತ್ತು, ಹೊಗೆ ಇರಲಿಲ್ಲ, ಬೆಳಗಿನ ಸ್ಟಾರ್ಟಿಂಗ್ ಒಂದೇ ಸಲಕ್ಕೆ ಆಗುತ್ತಿತ್ತು.

ಇಷ್ಟು ಲಕ್ಷಣ ಕೈಯಲ್ಲಿದ್ದರೆ ಯಾವ ಡೀಸೆಲ್ ಮೆಕ್ಯಾನಿಕ್ಕಾದರೂ ಮೊದಲು ನೋಡಬೇಕಾದದ್ದು ಡೀಸೆಲ್ ಸಾಕಷ್ಟು ಬರುತ್ತಿದೆಯೋ ಇಲ್ಲವೋ ಎಂಬುದನ್ನು. ಲೋಡ್ ಕಡಿಮೆ ಇದ್ದಾಗ ಕಟ್ಟಿಕೊಂಡ ಫಿಲ್ಟರಿನಿಂದಲೂ ಎಂಜಿನ್ನಿಗೆ ಸಾಕಾಗುವಷ್ಟು ಡೀಸೆಲ್ ಜಾರಿ ಬರುತ್ತದೆ. ಏರಿನಲ್ಲಿ ಬೇಡಿಕೆ ಹೆಚ್ಚಿದ ಕೂಡಲೇ ರೈಲ್ ಪ್ರೆಶರ್ (ಎಂಜಿನ್ನಿಗೆ ಡೀಸೆಲ್ ನೂಕುವ ಒತ್ತಡ) ಕುಸಿಯುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪವರ್ ಇಳಿಸಿ ಲಿಂಪ್ ಮೋಡಿಗೆ, ಅಂದರೆ ಕುಂಟುತ್ತಾ ಓಡುವ ಸ್ಥಿತಿಗೆ ಹೋಗುತ್ತದೆ. ಸ್ಕ್ಯಾನರ್ ಹಾಕಿಕೊಂಡು ಏರಿನಲ್ಲಿ ಒಂದು ಸುತ್ತು ಓಡಿಸಿ, ಇಸಿಯು ಕೇಳುವ ಪ್ರೆಶರ್ ಎಷ್ಟು, ನಿಜವಾಗಿ ಇರುವ ಪ್ರೆಶರ್ ಎಷ್ಟು ಎಂದು ಪಕ್ಕಪಕ್ಕದಲ್ಲಿ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ತಾವು ಬದಲಾಯಿಸಿದ್ದು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು. ಇಂಜೆಕ್ಟರ್ ಕೆಟ್ಟಿದ್ದರೆ ಅದರ ಗುರುತೇ ಬೇರೆ. ಐಡ್ಲಿಂಗಿನಲ್ಲಿ ಎಂಜಿನ್ ಕುಲುಕುತ್ತದೆ, ಸ್ಕ್ಯಾನರಿನಲ್ಲಿ ಆ ಒಂದು ಸಿಲಿಂಡರಿನ ಕರೆಕ್ಷನ್ ಅಂಕಿ (ಇಸಿಯು ಡೀಸೆಲ್ ಹೆಚ್ಚುಕಡಿಮೆ ಮಾಡುವ ಪ್ರಮಾಣ) ಉಳಿದ ಮೂರರಿಂದ ದೂರ ಹೋಗಿರುತ್ತದೆ, ಇಂಜೆಕ್ಟರಿನಿಂದ ಮರಳುವ ರಿಟರ್ನ್ ಡೀಸೆಲ್ ಹೆಚ್ಚು ಬರುತ್ತದೆ. ಈ ಮೂರರಲ್ಲಿ ಒಂದನ್ನಾದರೂ ಅಳೆದ ದಾಖಲೆ ತಮ್ಮಲ್ಲಿಲ್ಲ. ಕೇಳಿದಾಗ ಸಿಕ್ಕ ಉತ್ತರ, "ಸ್ಕ್ಯಾನರ್ ಇಂಜೆಕ್ಟರ್ ಅಂತ ತೋರ್ಸೈತ್ರಿ". ಸ್ಕ್ಯಾನರ್ ತೋರಿಸಿದ್ದು ರೈಲ್ ಪ್ರೆಶರ್ ಕಡಿಮೆ ಎಂದು. ಪ್ರಿಂಟ್ ನನ್ನ ಬಳಿ ಇದೆ.

ಎರಡನೇ ಮತ್ತು ಮೂರನೇ ಸಿಲಿಂಡರಿನ ಇಂಜೆಕ್ಟರ್ ಬದಲಾಯಿಸಿ ₹58,000, ಕೂಲಿ ₹9,000 ಹಾಕಿದ್ದೀರಿ. ಕಾರು ಮನೆಗೆ ಬಂದ ದಿನದಿಂದ ಐಡ್ಲಿಂಗ್ ಕುಲುಕತೊಡಗಿತು, ಅದುವರೆಗೆ ಇಲ್ಲದ್ದು. ಏರಿನ ತೊಂದರೆ ಹಾಗೇ ಉಳಿಯಿತು. ಬೇರೊಬ್ಬ ಮೆಕ್ಯಾನಿಕ್ ಹತ್ತಿರ ನೋಡಿಸಿದಾಗ ಎರಡಕ್ಕೂ ಕಾರಣ ಸಿಕ್ಕಿತು. ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ ಮತ್ತು ಅಂಕಿ ಸೇರಿದ ಒಂದು ಕೋಡ್ ಕೊರೆದಿರುತ್ತದೆ. ಆ ಇಂಜೆಕ್ಟರ್ ಎಷ್ಟು ಸಮಯಕ್ಕೆ ಎಷ್ಟು ಡೀಸೆಲ್ ಬಿಡುತ್ತದೆ ಎಂಬ ಫ್ಯಾಕ್ಟರಿ ಅಳತೆ ಅದು. ಹೊಸದು ಹಾಕಿದಾಗ ಅದನ್ನು ಇಸಿಯುಗೆ ಬರೆಯಲೇಬೇಕು. ಇಸಿಯು ಒಳಗಿರುವ ನಾಲ್ಕು ಕೋಡ್ ಓದಿ ತಲೆಯ ಮೇಲಿನದಕ್ಕೆ ಹೋಲಿಸಿದರೆ 1 ಮತ್ತು 4 ಹೊಂದಿದವು, 2 ಮತ್ತು 3 ಹೊಂದಲಿಲ್ಲ. ಅಂದರೆ ಹೊಸ ಇಂಜೆಕ್ಟರುಗಳನ್ನು ಹಳೆಯದರ ಲೆಕ್ಕದಲ್ಲಿ ಓಡಿಸಲಾಗಿತ್ತು. ಕೋಡ್ ಬರೆದ ಮೇಲೆ ಕುಲುಕಾಟ ನಿಂತಿತು.

ಏರಿನ ತೊಂದರೆಗೆ ಕಾರಣ ಡೀಸೆಲ್ ಫಿಲ್ಟರ್. ಈ ಕಾರಿನಲ್ಲಿ ಅದು ಬಾನೆಟ್ ಕೆಳಗೆ ಇಲ್ಲ, ಕಾರಿನ ತಳದಲ್ಲಿ ಪ್ಲಾಸ್ಟಿಕ್ ಮುಚ್ಚಳದ ಒಳಗೆ ಉದ್ದನೆಯ ಡಬ್ಬಿಯಂತೆ ಕೂತಿರುತ್ತದೆ. ಕಾಣುವುದಿಲ್ಲವಾದ್ದರಿಂದ ಎಷ್ಟೋ ಕಡೆ ಅದನ್ನು ಮರೆತೇ ಬಿಡುತ್ತಾರೆ. ಬಿಚ್ಚಿ ಒಳಗಿದ್ದದ್ದನ್ನು ಗಾಜಿನ ಬಾಟಲಿಗೆ ಸುರಿದಾಗ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ಡೀಸೆಲ್. ಅರ್ಧ ಗಂಟೆ ಬಿಟ್ಟು ನೋಡಿದರೆ ಬಾಟಲಿಯ ತಳದಲ್ಲಿ ಬೆರಳಗಲ ನೀರು, ಅದರ ಮೇಲೆ ಕಪ್ಪು ಕೆಸರಿನ ಒಂದು ಗೆರೆ. ಹೊಸ ಫಿಲ್ಟರ್ ಹಾಕಿ, ಇಗ್ನಿಶನ್ ಮಾತ್ರ ಆನ್ ಮಾಡಿ, ಟ್ಯಾಂಕಿನೊಳಗಿನ ಪಂಪ್ ಲೈನ್ ತುಂಬಿಸಲು ಬಿಟ್ಟು, ಇದನ್ನೇ ಮೂರ್ನಾಲ್ಕು ಸಲ ಮಾಡಿದ ಮೇಲೆ ಸ್ಟಾರ್ಟ್ ಮಾಡಲಾಯಿತು. (ಹೀಗೆ ಮಾಡದೆ ಬರೀ ಸೆಲ್ಫ್ ಹೊಡೆದರೆ ಹೈ ಪ್ರೆಶರ್ ಪಂಪ್ ಒಣಗಿ ಸವೆದು, ಅದರ ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗಬಹುದು.) ಅಂದಿನಿಂದ ಸಂಡೂರಿನ ಏರಿನಲ್ಲಿ ಒಮ್ಮೆಯೂ ಪವರ್ ಕಟ್ ಆಗಿಲ್ಲ. ನಮ್ಮ ಕಡೆಯ ಡೀಸೆಲ್ಲಿಗೆ 30,000 ಕಿ.ಮೀ.ಗೊಮ್ಮೆ ಈ ಫಿಲ್ಟರ್ ಬದಲಿಸುವುದು ಮೇಲು. ಇದರ ಖರ್ಚನ್ನು ನಾನು ತಮ್ಮಿಂದ ಕೇಳುತ್ತಿಲ್ಲ, ಅದು ಹೇಗೂ ಬದಲಾಗಬೇಕಿದ್ದ ಸಾಮಾನು.

ಈಗ ಥರ್ಮೋಸ್ಟ್ಯಾಟ್, ಅಂದರೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವಿನ ವಿಷಯ. ಬಿಲ್ಲಿನಲ್ಲಿ "ಓವರ್‌ಹೀಟ್ ಪ್ರಿವೆನ್ಷನ್ ₹1,500" ಎಂಬ ಸಾಲಿದೆ. ಕಾರು ಓವರ್‌ಹೀಟ್ ಆಗುತ್ತದೆ ಎಂದು ಯಾರೂ ದೂರಿರಲಿಲ್ಲ. ಹೀಗೆಂದರೇನು ಎಂದು ಕೇಳಿದ್ದಕ್ಕೆ ತಮ್ಮ ಫಿಟ್ಟರ್ ಹೇಳಿದ ಮಾತು: "ಬಳ್ಳಾರಿ ಬಿಸ್ಲಿಗೆ ಆ ವಾಲ್ವ್ ಬ್ಯಾಡ್ರಿ ಸರ್, ತೆಗ್ದು ಹಾಕೀವಿ, ಇನ್ನ ಹೀಟ್ ಆಗಂಗಿಲ್ಲ."

ಹಳೆಯ ಲಾರಿಗಳಿಗೆ ಈ ಊರಲ್ಲಿ ಬಹಳ ದಿನದಿಂದ ಹೀಗೆ ಮಾಡಿಕೊಂಡು ಬಂದಿದ್ದಾರೆ, ನಿಜ. ಆದರೆ ಈ ಎಂಜಿನ್ನಿನಲ್ಲಿ ಥರ್ಮೋಸ್ಟ್ಯಾಟ್ ತೆರೆಯುವುದು 88 ಡಿಗ್ರಿಗೆ. ಅಲ್ಲಿಯವರೆಗೆ ಕೂಲಂಟ್ ಎಂಜಿನ್ನಿನೊಳಗೇ ಸುತ್ತಿ ಬೇಗ ಬಿಸಿಯಾಗಬೇಕು, ಆಮೇಲೆ ರೇಡಿಯೇಟರಿಗೆ ಹೋಗಬೇಕು. ವಾಲ್ವ್ ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ಎಲ್ಲ ರೇಡಿಯೇಟರಿಗೆ ಹರಿಯುತ್ತದೆ. ಹೊರಗೆ 40 ಡಿಗ್ರಿ ಬಿಸಿಲಿದ್ದರೂ 80ರ ವೇಗದಲ್ಲಿ ಗಾಳಿ ಹೊಡೆಯುವಾಗ ಎಂಜಿನ್ ತನಗೆ ಬೇಕಾದಷ್ಟು ಬಿಸಿಯಾಗುವುದಿಲ್ಲ. ಈ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೂಲಂಟ್ ಮುಳ್ಳೇ ಇಲ್ಲ, ಹಾಗಾಗಿ ಓಡಿಸುವವರಿಗೆ ಇದು ಗೊತ್ತಾಗುವುದೂ ಇಲ್ಲ. ಮೀಟರಿನ ರೀಸೆಟ್ ಬಟನ್ ಒತ್ತಿ ಹಿಡಿದರೆ ಬರುವ ಗುಪ್ತ ಮೆನುವಿನಲ್ಲಿ, ಚಾಸಿ ನಂಬರಿನ ಕೊನೆಯ ಐದು ಅಂಕಿ ಕೂಡಿದ ಮೊತ್ತದಿಂದ ಲಾಕ್ ತೆರೆದು 7ನೇ ಟೆಸ್ಟಿಗೆ ಹೋದರೆ ಕೂಲಂಟ್ ಡಿಗ್ರಿ ಕಾಣುತ್ತದೆ. ತೋರಣಗಲ್ಲಿನವರೆಗೆ ನಿಲ್ಲದೆ ಓಡಿಸಿದ ಮೇಲೂ ಅಲ್ಲಿ ಕಂಡದ್ದು 62ರಿಂದ 66.

ಇದರಿಂದ ಆಗುವ ನಷ್ಟ ಒಂದೆರಡಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ಡೀಸೆಲ್ ಹೆಚ್ಚು ಬಿಡುತ್ತದೆ. ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಕಾರು 13ಕ್ಕೆ ಇಳಿದದ್ದು ಇದಕ್ಕೇ. ಆಯಿಲ್‌ನಲ್ಲಿ ಸೇರುವ ತೇವ, ಡೀಸೆಲ್ ಆವಿಯಾಗಿ ಹೋಗುವುದಿಲ್ಲ. ಹೊಗೆಯ ಒಂದಷ್ಟನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ, ಗಾಳಿ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನ ಫ್ಲಾಪ್‌ಗಳ ಮೇಲೆ ಮಸಿ ಒಣಗದೆ ಅಂಟಾಗಿ ಕೂರುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಕಾರಾದರೆ ಕೂಲಂಟ್ ಸುಮಾರು 75 ಡಿಗ್ರಿ ದಾಟದೆ ಮಸಿ ಸುಡುವ ಕೆಲಸವೇ ಶುರುವಾಗುವುದಿಲ್ಲ. ಇನ್ನೊಂದು, ಬೈಪಾಸ್ ದಾರಿ ಮುಚ್ಚಬೇಕಾದ ತಟ್ಟೆಯೂ ಅದೇ ವಾಲ್ವಿನಲ್ಲಿ ಇರುವ ಎಂಜಿನ್‌ಗಳಲ್ಲಿ, ಅದನ್ನು ಕಿತ್ತರೆ ಸ್ವಲ್ಪ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಆಗ ಟ್ರಾಫಿಕ್‌ನಲ್ಲಿ ನಿಂತಾಗ ನಿಜವಾಗಿಯೂ ಹೀಟ್ ಆಗಬಹುದು. ಯಾವ ಕಾರಣಕ್ಕೆ ತೆಗೆದಿರೋ ಅದೇ ಬಂದು ವಕ್ಕರಿಸುತ್ತದೆ.

ಹೌಸಿಂಗ್ ಬಿಚ್ಚಿದಾಗ ಒಳಗಿನ ಸ್ಪ್ರಿಂಗ್ ಮತ್ತು ತಟ್ಟೆ ಕಟ್ಟರಿನಲ್ಲಿ ಕತ್ತರಿಸಿದ್ದು ಕಂಡಿತು. ಕತ್ತರಿಸಿದ ಅಂಚು ಹೊಸ ಬ್ಲೇಡಿನಂತೆ ಹೊಳೆಯುತ್ತಿತ್ತು. ಎರಡು ಪಾದಗಳು ಮಾತ್ರ ಹೌಸಿಂಗಿನಲ್ಲಿ ಉಳಿದಿದ್ದವು. ಖಾಲಿ ಮಾಡಿದ ಕೂಲಂಟ್ ಹೆಸರಿಗೆ ನೀಲಿ, ಮುಕ್ಕಾಲು ಪಾಲು ಬೋರ್ ನೀರು. ನಮ್ಮ ಬೋರ್ ನೀರು ಹಂಡೆಗೆ ಹೇಗೆ ಬಿಳಿ ಪದರ ಕಟ್ಟುತ್ತದೆಂದು ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಇಜಿಆರ್ ಕೂಲರಿನ ಸಣ್ಣ ಕೊಳವೆಗಳಲ್ಲೂ ಅದೇ ಆಗುತ್ತದೆ. ಬಿಎಂಡಬ್ಲ್ಯುಗೆ ಹೊಂದುವ ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ, ಇಷ್ಟೇ ಲೆಕ್ಕ. ಹೊಸ ಥರ್ಮೋಸ್ಟ್ಯಾಟ್, ಹೊಸ ಕೂಲಂಟ್ ಹಾಕಿದ ಮೇಲೆ ಅದೇ ರಸ್ತೆಯಲ್ಲಿ ಅದೇ ಮೆನು ತೋರಿಸುತ್ತಿರುವುದು 88ರಿಂದ 92.

ಆಯಿಲ್. ಬಿಲ್ಲಿನಲ್ಲಿ 7 ಲೀಟರ್, ₹2,660. ಈ ಎಂಜಿನ್ನಿಗೆ ಫಿಲ್ಟರ್ ಸೇರಿ ಹಿಡಿಯುವುದು 5.2 ಲೀಟರ್. ಹೆಚ್ಚು ಬರೆದಿದ್ದರೆ ಬರೀ ದುಡ್ಡಿನ ಮಾತಾಗುತ್ತಿತ್ತು. ನಿಜವಾಗಿಯೂ ಸುರಿದಿದ್ದೀರಿ. ಅಳತೆಯ ಜಗ್ಗಿಗೆ ಇಳಿಸಿದಾಗ 6.6 ಲೀಟರ್ ಬಂತು. ಆಯಿಲ್ ಅಷ್ಟು ಮೇಲೇರಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಬ್ರೀದರ್ ಮೂಲಕ ಇನ್‌ಟೇಕಿಗೆ ಹೋಗುತ್ತದೆ. ಇಂಟರ್‌ಕೂಲರ್ ಪೈಪಿನ ಕೀಲಿನಲ್ಲಿ ಆಗಲೇ ಆಯಿಲ್ ಒಸರಿತ್ತು. ಗ್ರೇಡ್ 15ಡಬ್ಲ್ಯು-40, ಲಾರಿಗೆ ಹಾಕುವ ಬ್ಯಾರೆಲ್ ಆಯಿಲ್ ಎಂದು ತಮ್ಮವರೇ ಒಪ್ಪಿದ್ದಾರೆ. ಲಾರಿಗೆ ಅದು ಒಳ್ಳೆಯ ಆಯಿಲ್ಲೇ. ಇಲ್ಲಿ ಬೇಕಾದದ್ದು 5ಡಬ್ಲ್ಯು-30, ಡಬ್ಬಿಯ ಮೇಲೆ ಬಿಎಂಡಬ್ಲ್ಯು ಲಾಂಗ್‌ಲೈಫ್-04 ಅಪ್ರೂವಲ್ ಇರುವಂಥದ್ದು. ಎನ್47ರ ಟೈಮಿಂಗ್ ಚೈನ್ ಎಂಜಿನ್ನಿನ ಮುಂದಿಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆ ಇದೆ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಪ್ರೆಶರಿನಿಂದ. ತಣ್ಣಗಿನ ದಪ್ಪ ಆಯಿಲ್ ಅಲ್ಲಿಗೆ ತಲುಪುವುದು ತಡ, ಅಷ್ಟು ಹೊತ್ತು ಚೈನ್ ಸಡಿಲವಾಗಿ ಬಡಿಯುತ್ತದೆ. ಈ ಎಂಜಿನ್ನಿನ ಚೈನ್ ದೂರು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವಂಥದ್ದು. ಬದಲಾಯಿಸಬೇಕೆಂದರೆ ಗೇರ್‌ಬಾಕ್ಸನ್ನೋ ಎಂಜಿನ್ನನ್ನೋ ಇಳಿಸಬೇಕು. ಅಂಥ ಎಂಜಿನ್ನಿನಲ್ಲಿ ಆಯಿಲ್ ವಿಷಯಕ್ಕೆ ಚೌಕಾಶಿ ಮಾಡುವುದು ಬುದ್ಧಿವಂತಿಕೆಯಲ್ಲ. ಕಂಪ್ಯೂಟರ್ ತೋರಿಸುವವರೆಗೂ ಕಾಯದೆ 10,000 ಕಿ.ಮೀ.ಗೆ ನಾನು ಆಯಿಲ್ ಬದಲಿಸುವುದು ಈ ಚೈನಿಗಾಗಿಯೇ.

ಆಯಿಲ್ ಫಿಲ್ಟರಿಗೆ ₹1,150 ಹಾಕಿದ್ದೀರಿ. ಮುಚ್ಚಳ ಬಿಚ್ಚಿದಾಗ ಒಳಗೆ ಇದ್ದದ್ದು ಹಳೆಯದೇ. ಅನುಮಾನ ಬೇಡ: ಕಳೆದ ಸಲ ಹಾಕಿದಾಗ ಅದರ ಪ್ಲಾಸ್ಟಿಕ್ ತುದಿಯ ಮೇಲೆ ಬಿಳಿ ಪೇಂಟ್ ಪೆನ್ನಿನಲ್ಲಿ ಕಿ.ಮೀ. ಬರೆದದ್ದು ಹಾಗೇ ಇದೆ. ಮುಚ್ಚಳದ ಓ-ರಿಂಗ್ ಚಪ್ಪಟೆಯಾಗಿತ್ತು. ಹೊಸ ಓ-ರಿಂಗಿಗೆ ಆಯಿಲ್ ಸವರಿ 25 ನ್ಯೂಟನ್ ಮೀಟರಿಗೆ ಬಿಗಿಯಬೇಕಾದ ಮುಚ್ಚಳ ಅದು.

ಬ್ಯಾಟರಿ (₹9,800) ಬಗ್ಗೆ ಚಿಕ್ಕದಾಗಿ. ಎಜಿಎಂ (ಗಾಜಿನ ನಾರಿನಲ್ಲಿ ಆಸಿಡ್ ಹೀರಿಸಿದ ಬ್ಯಾಟರಿ) ತೆಗೆದು ಸಾದಾ ಬ್ಯಾಟರಿ ಹಾಕಿದ್ದೀರಿ, ಕಾರಿನ ಕಂಪ್ಯೂಟರಿನಲ್ಲಿ ರಿಜಿಸ್ಟರ್ ಮಾಡಿಲ್ಲ. ಹಾಗಾಗಿ ಕಾರು ಇನ್ನೂ ಹಳೆಯ ಎಜಿಎಂ ಲೆಕ್ಕದಲ್ಲೇ ಚಾರ್ಜ್ ಮಾಡುತ್ತಿದೆ. ಬ್ಯಾಟರಿ ಇರುವುದು ಡಿಕ್ಕಿಯೊಳಗೆ. ಅದರ ಗ್ಯಾಸ್ ಹೊರಗೆ ಹೋಗುವ ಸಣ್ಣ ಟ್ಯೂಬನ್ನು ಸಿಕ್ಕಿಸದೆ ಬಿಟ್ಟಿದ್ದಿರಿ. ಏರ್ ಫಿಲ್ಟರ್ (₹1,900) ಬದಲಿಸಿದ್ದು ಸರಿಯಾಗಿದೆ. ಅದಿರು ಲಾರಿಗಳ ಹಿಂದೆ ಓಡುವ ಕಾರಿಗೆ ಅದು ಬೇಕೇ ಇತ್ತು, ಸಾಮಾನೂ ಒಳ್ಳೆಯದು, ಅದಕ್ಕೆ ತಕರಾರಿಲ್ಲ.

ನಾನು ಕೇಳುವುದು ಇಷ್ಟು.

ತೆಗೆದ ಎರಡು ಇಂಜೆಕ್ಟರ್ ವಾಪಸ್ ಕೊಡಿ. ಹಳೆಯ ಸಾಮಾನು ಮಾಲೀಕರದು, "ಸ್ಕ್ರ್ಯಾಪಿಗೆ ಹೋಯ್ತು" ಎಂಬ ಉತ್ತರ ಒಪ್ಪುವುದಿಲ್ಲ. ಅವನ್ನು ನನ್ನೆದುರಿಗೆ ಟೆಸ್ಟ್ ಬೆಂಚಿನಲ್ಲಿ ಹಾಕಿಸೋಣ, ಬೆಂಚಿನ ಖರ್ಚು ನನ್ನದು. ಕೆಟ್ಟಿದ್ದರೆ ₹58,000 ಮತ್ತು ₹9,000 ತಮ್ಮದೇ, ಮಾತಿಲ್ಲ. ಚೆನ್ನಾಗಿದ್ದರೆ ಹೊಸ ತಾಮ್ರದ ವಾಷರ್ ಹಾಕಿ, ಸೀಟಿನ ಮಸಿ ತೆಗೆದು, ಹಳೆಯದನ್ನೇ ಕೂರಿಸಿ, ಅವುಗಳ ಕೋಡ್ ಬರೆದು, ತಮ್ಮ ಇಂಜೆಕ್ಟರ್ ತಾವು ತೆಗೆದುಕೊಂಡು ₹67,000 ವಾಪಸ್ ಮಾಡಿ.

ಹಾಕದ ಆಯಿಲ್ ಫಿಲ್ಟರಿನ ₹1,150, ಕೇಳದ "ಪ್ರಿವೆನ್ಷನ್" ₹1,500, ಥರ್ಮೋಸ್ಟ್ಯಾಟ್ ಮತ್ತು ಕೂಲಂಟ್ ಮತ್ತೆ ಹಾಕಿಸಿದ ₹8,700, ಆಯಿಲ್ ಮತ್ತು ಫಿಲ್ಟರ್ ಮತ್ತೆ ಹಾಕಿಸಿದ ₹6,900, ಒಟ್ಟು ₹18,250 ಕೊಡಬೇಕು. ಮತ್ತೆ ಮಾಡಿಸಿದ ಖರ್ಚು ಕೇಳುತ್ತಿರುವುದರಿಂದ ತಮ್ಮ ಆಯಿಲ್ ದುಡ್ಡು ₹2,660, ಕೂಲಂಟಿನ ₹900 ಮತ್ತೆ ಕೇಳುತ್ತಿಲ್ಲ. ಬ್ಯಾಟರಿಗೆ ಸರಿಯಾದ ಎಜಿಎಂ ಕೊಟ್ಟು ರಿಜಿಸ್ಟರ್ ಮಾಡಿಕೊಟ್ಟರೆ ಸಾಕು, ವ್ಯತ್ಯಾಸದ ದುಡ್ಡು ಕೊಡುತ್ತೇನೆ.

ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಬಳ್ಳಾರಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ₹5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದ ಕಾಲಾವಕಾಶವೂ ಇದೆ, ಹಾಗಾಗಿ ನನಗೆ ಅವಸರವಿಲ್ಲ.

ಬಿಲ್ಲಿನ ಪ್ರತಿ, ಸ್ಕ್ಯಾನರ್ ಪ್ರಿಂಟ್, ನಾಲ್ಕು ಇಂಜೆಕ್ಟರ್ ಕೋಡಿನ ಫೋಟೋ, ಆಯಿಲ್ ಜಗ್ಗಿನ ಫೋಟೋ ಜೊತೆಗಿವೆ. ಕತ್ತರಿಸಿದ ಥರ್ಮೋಸ್ಟ್ಯಾಟ್ ಹೌಸಿಂಗ್, ಬಿಳಿ ಅಕ್ಷರದ ಹಳೆಯ ಫಿಲ್ಟರ್, ಡೀಸೆಲ್ ಬಾಟಲಿ ನನ್ನ ಬಳಿಯೇ ಇವೆ. ತಮ್ಮ ಫಿಟ್ಟರನ್ನು ಕರೆದುಕೊಂಡು ಬಂದು ನೋಡಬಹುದು. ಬರುವ ಮೊದಲು ಒಂದು ಫೋನ್ ಮಾಡಿ, ಬಾಟಲಿ ಅಲುಗಾಡಿಸದೆ ಇಟ್ಟಿರುತ್ತೇನೆ.

ಇಂತಿ ತಮ್ಮ ಗ್ರಾಹಕ,
(ಸಹಿ)
ಬಳ್ಳಾರಿ