ಬಲೆಯನ್ನು ತೋಟಕ್ಕಲ್ಲ, ಊರಿಗೆ ಕೊಡಿ: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರನ ನಮಸ್ಕಾರಗಳು.

ಕಳೆದ ಜೂನ್‌ನಲ್ಲಿ ಮಂಡಿಗೆ ಒಯ್ದ ಬೇನಿಷಾ ಮಾವಿನ ಲೋಡಿನಿಂದ ವ್ಯಾಪಾರಿ ಒಂದು ಹಣ್ಣು ಎತ್ತಿ ನನ್ನೆದುರೇ ಕೊಯ್ದರು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಷ್ಟೇ ಕಂದು ಚುಕ್ಕೆ, ಅದರ ಬಾಯಲ್ಲಿ ಒಣಗಿದ ಒಂದು ಹನಿ ರಸ. ಒಳಗೆ ತಿರುಳು ಕೊಳೆತು, ಬಿಳಿ ಹುಳಗಳು ಪುಟಪುಟನೆ ಚಿಮ್ಮುತ್ತಿದ್ದವು. ಇಡೀ ಲೋಡಿನ ರೇಟು ಅಲ್ಲೇ ಬಿತ್ತು.

ಆ ಹುಳಗಳು ಹಣ್ಣುನೊಣದ ಮರಿಗಳು. ನಾವು ಊಜಿ ಎನ್ನುವ ಈ ನೊಣ ಸಿಕ್ಕಸಿಕ್ಕಲ್ಲಿ ಮೊಟ್ಟೆ ಇಡುವುದಿಲ್ಲ. ಹೆಣ್ಣು ನೊಣ ವಾಸನೆ ಹಿಡಿದು ಬರುತ್ತದೆ, ಕಾಯಿಯ ಮೇಲೆ ಓಡಾಡಿ ಚುಚ್ಚಿ ನೋಡುತ್ತದೆ. ಬಲಿತು ಹಣ್ಣಿಗೆ ತಿರುಗಿ ಸಿಪ್ಪೆ ಮೆತ್ತಗಾದದ್ದೇ ಅದಕ್ಕೆ ಬೇಕು; ಬಿರುಕೋ ಹಳೆಯ ತೂತೋ ಇದ್ದರೆ ಇನ್ನೂ ಸಲೀಸು. ನನ್ನ ತೋಟದಲ್ಲಿ ಬೇನಿಷಾ, ಬಾದಾಮಿಗೆ ಬೀಳುವ ಪೆಟ್ಟು ತೋತಾಪುರಿಗೆ ಬೀಳುವುದಿಲ್ಲ. ಮಾವು ಮುಗಿದರೆ ಹಿತ್ತಲ ಸೀಬೆ ಮರವಿದೆ. ವರ್ಷವಿಡೀ ಒಂದಲ್ಲ ಒಂದು ಹಣ್ಣು ಅದಕ್ಕೆ ಸಿಗುತ್ತಲೇ ಇರುತ್ತದೆ.

ನೊಣ ಹಿಡಿಯಲು ಮರಕ್ಕೆ ತೂಗುವ ಮೋಹಕ ಬಲೆಯಲ್ಲಿರುವ ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ರಾಸಾಯನಿಕ ಗಂಡು ನೊಣವನ್ನು ಮಾತ್ರ ಸೆಳೆಯುತ್ತದೆ. ಮೊಟ್ಟೆ ಇಡುವುದು ಹೆಣ್ಣು. ಪಕ್ಕದ ತೋಟದಲ್ಲಿ ಗಂಡಿನ ಜೊತೆ ಕೂಡಿದ ಹೆಣ್ಣು ಬೇಲಿ ದಾಟಿ ಬಂದರೆ ನನ್ನ ಬಲೆ ತುಂಬಿದ್ದರೂ ನನ್ನ ಹಣ್ಣು ಉಳಿಯುವುದಿಲ್ಲ. ಅರ್ಜಿ ಹಾಕಿದ ಒಬ್ಬೊಬ್ಬರಿಗೆ ಬಲೆ ಕೊಟ್ಟರೆ ಸಾಲದು ಎನ್ನುವುದು ಇದಕ್ಕೇ.

ಇನ್ನೊಂದು ಸಂಕಟ ಉದುರಿದ ಹಣ್ಣಿನದು. ಮಾಲೀಕರು ಬೆಂಗಳೂರಿನಲ್ಲಿದ್ದು ಫಸಲು ಗುತ್ತಿಗೆಗೆ ಹೋದ ತೋಟಗಳಲ್ಲಿ ಅದನ್ನು ಎತ್ತುವವರೇ ಇಲ್ಲ. ಹುಳ ಹಣ್ಣಿನಿಂದ ಇಳಿದು ಮಣ್ಣಿನಲ್ಲಿ ಕೋಶವಾಗುತ್ತದೆ, ನೊಣವಾಗಿ ಎದ್ದು ಎಲ್ಲರ ತೋಟಕ್ಕೂ ನುಗ್ಗುತ್ತದೆ. ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ನಮ್ಮ ದೇಶದ ಮಾವನ್ನೇ ತಡೆದದ್ದು ಈ ಹಣ್ಣುನೊಣದ ಕಾರಣಕ್ಕೆ. ತಡೆ ತೆರವಾದದ್ದು 2015ರಲ್ಲಿ.

ಸ್ವಾಮಿ, ಊರನ್ನೇ ಒಂದು ತೋಟವೆಂದು ಎಣಿಸಿ ಬಲೆ ಕೊಡಿಸಿ. ಸೀಬೆ ತೋಟ, ಮನೆ ಹಿತ್ತಲು ಯಾವುದೂ ಬಿಟ್ಟುಹೋಗದಿರಲಿ. ಕೊಯ್ಲಿಗೆ ಒಂದೂವರೆ ತಿಂಗಳಿರುವಾಗಲೇ ಎಲ್ಲ ಮರಗಳಲ್ಲೂ ಒಂದೇ ವಾರದಲ್ಲಿ ಬಲೆ ತೂಗಲಿ. ಉದುರಿದ ಹಣ್ಣನ್ನು ಆರಿಸಿ ಆಳದ ಗುಂಡಿಯಲ್ಲಿ ಮುಚ್ಚುವ ಕೂಲಿಗೂ ನೆರವು ಬೇಕು. ಗುಂಡಿಗೆ ಜಾಗ ನನ್ನ ತೋಟದಲ್ಲೇ ಕೊಡುತ್ತೇನೆ.

ಇಂತಿ,
ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಮಾವು ಬೆಳೆಗಾರ