ಗುಲಾಬಿ ಅತ್ತರಿನ ಚೀಟಿಯಲ್ಲಿ ಮೂಲ ಎಣ್ಣೆಯ ಹೆಸರಿರಲಿ

ಮಾನ್ಯ ಸಂಪಾದಕರೇ,

ಮಗಳ ಮದುವೆಗೆ ಬರುವವರನ್ನು ಎದುರುಗೊಳ್ಳುವ ತಟ್ಟೆಯಲ್ಲಿಡಲು ಅತ್ತರು ಕೇಳಿದಾಗ, ಅಂಗಡಿಯವರು ಎರಡು ಪುಟ್ಟ ಸೀಸೆಗಳನ್ನು ಮುಂದಿಟ್ಟರು. ಎರಡೂ ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನವು. ಒಂದು ‘ರೂಹ್ ಗುಲಾಬ್’, ಇನ್ನೊಂದು ‘ಗುಲಾಬ್ ಅತ್ತರು’. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಹೂವನ್ನು ನೀರಿನೊಂದಿಗೆ ತಾಮ್ರದ ಹಂಡೆಯಲ್ಲಿ ಕುದಿಸಿ, ಬಿದಿರಿನ ಕೊಳವೆಯಲ್ಲಿ ಹಾಯ್ದು ಬಂದ ಆವಿಯನ್ನು ತಣಿಸಿ, ನೀರಿನ ಮೇಲೆ ತೇಲುವ ಎಣ್ಣೆಯನ್ನಷ್ಟೇ ತೆಗೆದರೆ ಅದು ರೂಹ್. ಒಂದು ಕಿಲೋ ಎಣ್ಣೆಗೆ ಸುಮಾರು 3,000ದಿಂದ 4,000 ಕಿಲೋ ಹೂವು ಬೇಕಾಗುವುದರಿಂದ ಅದು ದುಬಾರಿ. ಅತ್ತರಿನಲ್ಲಿ ಅದೇ ಆವಿ ಶ್ರೀಗಂಧದ ಎಣ್ಣೆಯಿರುವ ಪಾತ್ರೆಗಿಳಿದು, ಹೂವಿನ ಕಂಪನ್ನು ಗಂಧದೆಣ್ಣೆ ಹೀರಿಕೊಳ್ಳುತ್ತದೆ; ಹೀಗೆ ಕಂಪನ್ನು ಹೀರುವ ಎಣ್ಣೆಯೇ ಮೂಲ ಎಣ್ಣೆ. ರೂಹ್ ಅನ್ನು ಮೊದಲ ಸಲ ಮೂಸಿದವರಿಗೆ ‘ಇದು ಗುಲಾಬಿಯೇ?’ ಎನ್ನಿಸಿದರೆ ಆಶ್ಚರ್ಯವಿಲ್ಲ. ನಾವು ಗುಲಾಬಿಯದೆಂದು ಗುರುತಿಸುವ ಮೆದುವಾದ ಪರಿಮಳಕ್ಕೆ ಮುಖ್ಯ ಕಾರಣವಾದ ಫಿನೈಲ್ ಎಥೈಲ್ ಆಲ್ಕೋಹಾಲ್ ನೀರಿನಲ್ಲಿ ಕರಗುವುದರಿಂದ, ಅದರ ಬಹುಪಾಲು ಪನ್ನೀರಿನಲ್ಲೇ ಉಳಿದುಬಿಡುತ್ತದೆ. ರೂಹ್‌ನಲ್ಲಿ ಜೇನಿನ ಛಾಯೆಯೂ ತುಸು ಘಾಟೂ ಮುಂದಾಗುತ್ತವೆ.

ಎರಡು ಮಣಿಕಟ್ಟುಗಳಿಗೆ ಒಂದೊಂದನ್ನು ಹಚ್ಚಿಕೊಂಡು ಮನೆಗೆ ಬಂದೆ. ಬಂದೊಡನೆ ಕೋಣೆ ತುಂಬಿದ್ದು ರೂಹ್, ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅದು ತೆಳುವಾಯಿತು. ಆರಂಭದಲ್ಲಿ ಸುಮ್ಮನಿದ್ದ ಅತ್ತರು ಸಂಜೆಯವರೆಗೂ ಉಳಿಯಿತು. ನನ್ನ ಪತ್ನಿ ಅದನ್ನು ‘ದೇವರ ಮನೆ ವಾಸನೆ’ ಎಂದರೂ, ದಿನವಿಡೀ ನಡೆಯುವ ಸಮಾರಂಭಕ್ಕೆ ಅದೇ ಸರಿಯೆಂದು ಕೊಂಡೆ. (ರೇಷ್ಮೆಗೆ ಯಾವುದನ್ನೂ ಹಚ್ಚಬಾರದು, ಎಣ್ಣೆಯ ಕಲೆ ಸುಲಭವಾಗಿ ಹೋಗುವುದಿಲ್ಲ.)

ಆದರೆ ಕಂಪನ್ನು ಹೆಚ್ಚು ಹೊತ್ತು ಹಿಡಿದಿಡುವುದು ಗಂಧದೆಣ್ಣೆಯಾದ್ದರಿಂದ, ಈ ಆಯ್ಕೆಗೆ ಅರ್ಥವಿರುವುದು ಅತ್ತರಿನಲ್ಲಿ ಗಂಧದೆಣ್ಣೆ ಇದ್ದಾಗ ಮಾತ್ರ. ಶ್ರೀಗಂಧ ವಿರಳವಾಗಿ ತುಟ್ಟಿಯಾದ ಮೇಲೆ ಅನೇಕ ತಯಾರಕರು ಅದರ ಬದಲು ದ್ರವ ಪ್ಯಾರಾಫಿನ್ (ಪೆಟ್ರೋಲಿಯಂನಿಂದ ಬರುವ, ವಾಸನೆಯಿಲ್ಲದ ಎಣ್ಣೆ) ಬಳಸುತ್ತಿದ್ದಾರೆ. ಕಳೆದ ವರ್ಷ ನಾನು ಬೇರೊಂದು ಅಂಗಡಿಯಿಂದ ತಂದ ಸೀಸೆಯೂ ಅಂಥದ್ದೇ ಆಗಿತ್ತು. ಗಂಟೆಯೊಳಗೆ ಗುಲಾಬಿ ಹಾರಿಹೋಗಿ ಕೈಯಲ್ಲಿ ಜಿಡ್ಡಷ್ಟೇ ಉಳಿದಾಗ ಹೋಗಿ ಕೇಳಿದರೆ, ಅಂಗಡಿಯವರು ಸಂಕೋಚವಿಲ್ಲದೆ ಒಪ್ಪಿಕೊಂಡರು. ಅಗ್ಗದ ಅತ್ತರು ಮಾರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಶ್ರೀಗಂಧದ ಎಣ್ಣೆಗೇ ಹೆಸರಾದ ಮೈಸೂರಿನಲ್ಲಿ ಕೂಡ ಕೊಳ್ಳುವವನು ಮೂಗನ್ನೇ ನಂಬಿ ದುಡ್ಡು ಕೊಡಬೇಕಾದ ಸ್ಥಿತಿ ಸರಿಯಲ್ಲ. ಸೌಂದರ್ಯವರ್ಧಕಗಳ ಮೇಲೆ ನಿಗಾ ಇಡುವ ಔಷಧ ನಿಯಂತ್ರಣ ಅಧಿಕಾರಿಗಳು, ಹೂವಿನ ಚಿತ್ರದ ಪಕ್ಕದಲ್ಲಿ ಮೂಲ ಎಣ್ಣೆ ಯಾವುದೆಂಬುದನ್ನೂ ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸುವಂತೆ ಮಾರಾಟಗಾರರಿಗೆ ಸೂಚಿಸಬೇಕು.

ಇತಿ,
ಓದುಗರೊಬ್ಬರು, ಮೈಸೂರು