ಸ್ಟಾನ್‌ಸ್ಟೆಡ್ ಟಿಕೆಟ್ ಬುಕ್ ಮಾಡಬೇಡಿ ಅಪ್ಪ

ಟೂಟಿಂಗ್, ಲಂಡನ್

ಪ್ರೀತಿಯ ಅಪ್ಪ, ಅಮ್ಮ,

ನೀವು ಕಳಿಸಿದ, ಲಂಡನ್‌ನಿಂದ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗುವ ವಿಮಾನದ ದರ ನೋಡಿದೆ. ಅಗ್ಗವೇ, ಒಪ್ಪಿದೆ. ಆದರೆ ಸ್ವಲ್ಪ ತಡೆಯಿರಿ. ಅದು ಹೊರಡುವುದು ನೀವು ಬಂದಿಳಿಯುವ ಹೀಥ್ರೂನಿಂದ ಅಲ್ಲ, ಸ್ಟಾನ್‌ಸ್ಟೆಡ್ ಅನ್ನುವ ಬೇರೆ ವಿಮಾನ ನಿಲ್ದಾಣದಿಂದ. ಹೆಸರಿಗೆ ಲಂಡನ್ ಸ್ಟಾನ್‌ಸ್ಟೆಡ್, ಇರುವುದು ಎಸೆಕ್ಸ್ ಜಿಲ್ಲೆಯಲ್ಲಿ, ನಗರದ ನಡುಭಾಗದಿಂದ 60 ಕಿಲೋಮೀಟರಿಗೂ ಆಚೆ. ತುಮಕೂರಿನಲ್ಲಿ ನಿಲ್ದಾಣ ಕಟ್ಟಿ ಬೆಂಗಳೂರು ಅಂತ ಬೋರ್ಡ್ ಹಾಕಿದ ಹಾಗೆ.

ಲಿಸ್ಬನ್‌ಗೆ ಹೋಗುವಾಗ ನಾನು ಅಲ್ಲಿಂದಲೇ ಹಾರಿದ್ದು. ನಮ್ಮ ಮನೆಯಿಂದ ನಾರ್ದರ್ನ್ ಲೈನ್ ಮೆಟ್ರೋ ಹಿಡಿದು ಸ್ಟಾಕ್‌ವೆಲ್‌ನಲ್ಲಿ ಇಳಿಯಬೇಕು. ಪಕ್ಕದ ಪ್ಲಾಟ್‌ಫಾರ್ಮ್‌ಗೇ ವಿಕ್ಟೋರಿಯಾ ಲೈನ್ ಬರುತ್ತದೆ, ಮೆಟ್ಟಿಲಿಲ್ಲ. ಅದರಲ್ಲಿ ಟಾಟನ್‌ಹ್ಯಾಮ್ ಹೇಲ್‌ವರೆಗೆ ಹೋಗಿ, ಅಲ್ಲಿ ಸ್ಟಾನ್‌ಸ್ಟೆಡ್ ಎಕ್ಸ್‌ಪ್ರೆಸ್ ರೈಲು ಹತ್ತಬೇಕು. ಎಲ್ಲರೂ ಆ ರೈಲು ಹೊರಡುವ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್‌ಗೇ ಹೋಗಿ ಅಂತಾರೆ, ನಮಗೆ ಅದು ಸುಮ್ನೆ ಸುತ್ತು. ಹಗಲಲ್ಲಿ ಇದೆಲ್ಲ ಸಲೀಸು. ಆದರೆ ನೀವು ನೋಡಿದ ಟಿಕೆಟ್ ಬೆಳಗ್ಗೆ ಆರೂವರೆಯದು. ಅದಕ್ಕೆ ನಾವು ಮನೆ ಬಿಡಬೇಕಾದ ಹೊತ್ತಿಗೆ, ವಾರದ ದಿನ ಮೆಟ್ರೋ ಶುರುವೇ ಆಗಿರುವುದಿಲ್ಲ. ನಡುರಾತ್ರಿ ವಿಕ್ಟೋರಿಯಾ ಬಸ್ ನಿಲ್ದಾಣಕ್ಕೆ ಹೋಗಿ ಕೋಚ್ ಬಸ್ ಹಿಡಿಯಬೇಕು, ಇಲ್ಲವೇ ಟ್ಯಾಕ್ಸಿ. ಟ್ಯಾಕ್ಸಿ ಬಾಡಿಗೆ ನಿಮ್ಮಿಬ್ಬರ ಟಿಕೆಟ್‌ಗಿಂತ ಜಾಸ್ತಿ. ಬಾಗಿಲ ಹತ್ತಿರ ಇಳಿಸಿದ್ದಕ್ಕೂ ನಿಲ್ದಾಣದವರು ದುಡ್ಡು ಕೇಳುತ್ತಾರೆ!

ಟರ್ಮಿನಲ್ ಮಾತ್ರ ಚೆಂದ. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ವಿನ್ಯಾಸ, 1991ರಲ್ಲಿ ತೆರೆದದ್ದು. ಕೊಂಬೆ ಚಾಚಿದ ಕಂಬಗಳ ಮೇಲೆ ಛಾವಣಿ ಕೂತಿದೆ, ಬೆಳಕು ಮೇಲಿನಿಂದ ಬರುತ್ತದೆ. ಅಪ್ಪ, ನಿಮಗೆ ಇಷ್ಟವಾಗುತ್ತಿತ್ತು. ಆದರೆ ಗೇಟುಗಳು ಇರುವುದು ಬೇರೆ ಕಟ್ಟಡಗಳಲ್ಲಿ. ಕೆಲವಕ್ಕೆ ಚಾಲಕನಿಲ್ಲದ ಪುಟ್ಟ ರೈಲು ಇದೆ, ಕೆಲವಕ್ಕೆ ನಡೆದೇ ಹೋಗಬೇಕು. ಗೇಟ್ ನಂಬರ್ ಪರದೆಯ ಮೇಲೆ ಬರುವುದೂ ಕೊನೇ ಗಳಿಗೆಯಲ್ಲಿ, ಬಂದ ಕೂಡಲೇ ಎಲ್ಲರೂ ಓಟ. ಅಮ್ಮನ ಮಂಡಿಗೆ ಇದು ಆಗದ ಮಾತು. ಗಾಲಿಕುರ್ಚಿ ಉಚಿತವಾಗಿ ಸಿಗುತ್ತದೆ, 48 ಗಂಟೆ ಮೊದಲೇ ವಿಮಾನದವರಿಗೆ ತಿಳಿಸಿದರೆ ಒಳ್ಳೆಯದು. ಆದರೆ ಅಮ್ಮ ಅದರಲ್ಲಿ ಕೂರುವುದುಂಟೇ?

ಬ್ಯಾಗಿನ ವಿಷಯವೂ ಇದೆ. ಆ ದರಕ್ಕೆ ಸೀಟಿನ ಕೆಳಗೆ ಹಿಡಿಸುವ ಒಂದು ಚಿಕ್ಕ ಬ್ಯಾಗ್ ಅಷ್ಟೇ. ಉಪ್ಪಿನಕಾಯಿ, ತುಪ್ಪ ಎಲ್ಲ ದ್ರವದ ಲೆಕ್ಕಕ್ಕೆ ಹೋಗುತ್ತವೆ. ಚಟ್ನಿಪುಡಿಗೆ ತೊಂದರೆಯಿಲ್ಲ.

ಇಷ್ಟೆಲ್ಲ ಒಬ್ಬಳೇ ಆದರೆ ನಾನು ಮಾಡುತ್ತೇನೆ, ಮುಂದೆಯೂ ಮಾಡುತ್ತೇನೆ. ನಿಮ್ಮಿಬ್ಬರ ಜೊತೆ ಬೇಡ. ಲಂಡನ್‌ನ ಕಿಂಗ್ಸ್ ಕ್ರಾಸ್ ಸ್ಟೇಷನ್‌ನಿಂದ ರೈಲಿಗೆ ಹೋಗೋಣ. ಮನೆಯಿಂದ ಅಲ್ಲಿಗೆ ಒಂದೇ ಮೆಟ್ರೋ. ಅಲ್ಲಿಂದ ಎಡಿನ್‌ಬರೋ ಸುಮಾರು ನಾಲ್ಕೂವರೆ ಗಂಟೆ, ಇಳಿಯುವುದು ಊರಿನ ನಡುವೆಯೇ. ನ್ಯೂಕ್ಯಾಸಲ್ ದಾಟಿದ ಮೇಲೆ ಬಲಗಡೆ ಸಮುದ್ರ ಕಾಣುತ್ತದೆ, ಆ ಕಡೆಯ ಸೀಟೇ ಹಿಡಿಯುತ್ತೇನೆ. ಚಿತ್ರಾನ್ನದ ಡಬ್ಬಿಯನ್ನು ಯಾರೂ ತೆರೆದು ನೋಡುವುದಿಲ್ಲ.

ಟಿಕೆಟ್ ಬೇಗ ತೆಗೆದರೆ ದರ ಕಡಿಮೆ. 60 ದಾಟಿದವರಿಗೆ ಒಂದು ರೈಲ್‌ಕಾರ್ಡ್ ಇದೆ, ಅದಿದ್ದರೆ ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ರಿಯಾಯಿತಿ. ಅಪ್ಪ, ಭಾನುವಾರದ ಒಳಗೆ ತಾರೀಕು ಹೇಳಿ. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇಬ್ಬರ ಹುಟ್ಟಿದ ದಿನವನ್ನೂ ಕಳಿಸಿ.

ನಿಮ್ಮ ಮಗಳು